ಎಳೆಯುವ ಗಿಡ, ತಳ್ಳುವ ಹೃದಯ: ಸಾಗಾಣಿಕೆಯ ಪಾಠವನ್ನು ನಾನು ಮಾಡುವ ಬಗೆ

ಸಸ್ಯ ಮತ್ತು ಪ್ರಾಣಿಗಳಲ್ಲಿ ಸಾಗಾಣಿಕೆಯ ಪಾಠವನ್ನು ನಾನು ಹೃದಯದಿಂದ ಆರಂಭಿಸುವುದಿಲ್ಲ. ಪಂಪಿನ ಚಿತ್ರ ತಲೆಯಲ್ಲಿ ಮೊದಲೇ ಕುಳಿತುಬಿಟ್ಟರೆ, ಗಿಡದಲ್ಲಿಯೂ ಎಲ್ಲೋ ಒಂದು ಪಂಪು ಇರಬೇಕೆಂದು ಮಕ್ಕಳು ಹುಡುಕುತ್ತಾರೆ. ಕೊನೆಗೆ ಬೇರಿಗೆ ಆ ಪಟ್ಟ ಕಟ್ಟುತ್ತಾರೆ.

ನಾನು ಆರಿಸಿಕೊಳ್ಳುವುದು ಕರ್ಣಕುಂಡಲ ಗಿಡವನ್ನು. ಅದರ ಎಳೆಯ ಕಾಂಡ ಅರೆಪಾರದರ್ಶಕವಾದ್ದರಿಂದ ಕೆಂಪು ಶಾಯಿ ಏರುವುದು ಹೊರಗಿನಿಂದಲೇ ಕಾಣುತ್ತದೆ. ಕಾಂಡವನ್ನು ನೀರಿನಲ್ಲಿ ಮುಳುಗಿಸಿಯೇ ಕತ್ತರಿಸುತ್ತೇನೆ. ಗಾಳಿಯಲ್ಲಿ ಕತ್ತರಿಸಿದರೆ ನಾಳದ ನೀರು ಒಳಕ್ಕೆ ಸರಿದು, ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಇದು ಬರೀ ಎಚ್ಚರಿಕೆಯ ಮಾತಲ್ಲ, ಪಾಠದ ತಿರುಳೇ ಇದು. ಕೆಳಗಿನಿಂದ ತಳ್ಳಿ ಬರುತ್ತಿದ್ದ ನೀರಾಗಿದ್ದರೆ ಕತ್ತರಿಸಿದೊಡನೆ ಹೊರಗೆ ಚಿಮ್ಮಬೇಕಿತ್ತಲ್ಲವೇ?

ಒಂದು ಕಾಂಡದಲ್ಲಿ ಎಲೆಗಳನ್ನು ಉಳಿಸಿ, ಇನ್ನೊಂದರ ಎಲೆಗಳನ್ನೆಲ್ಲ ತೆಗೆದು ಗಾಯಗಳಿಗೆ ವ್ಯಾಸಲೀನ್ ಸವರುತ್ತೇನೆ. ಎರಡನ್ನೂ ಶಾಯಿ ಬೆರೆಸಿದ ನೀರಿನಲ್ಲಿಟ್ಟು ಫ್ಯಾನು ಹಾಕಿದರೆ ಎಲೆಯುಳ್ಳದ್ದರಲ್ಲಿ ಬಣ್ಣ ಮುಂದೋಡುತ್ತದೆ. ಆಮೇಲೆ ಕಾಂಡವನ್ನು ಅಡ್ಡಲಾಗಿ ತೆಳುವಾಗಿ ಸೀಳಿ ತೋರಿಸುತ್ತೇನೆ: ಬಣ್ಣ ಎಲ್ಲೆಡೆ ಹರಡಿರುವುದಿಲ್ಲ, ಉಂಗುರದಂತೆ ಜೋಡಿಸಿದ ಕೆಂಪು ಚುಕ್ಕೆಗಳಾಗಿ ನಿಂತಿರುತ್ತದೆ. ಅವೇ ನೀರನ್ನು ಮೇಲಕ್ಕೆ ಸಾಗಿಸುವ ಕ್ಸೈಲಂ ನಾಳಗಳು. ಬಲಿತ ನಾಳದ ಕೋಶಗಳು ಸತ್ತಿರುತ್ತವೆ ಎಂದಾಗ ತರಗತಿ ಬೆಚ್ಚುತ್ತದೆ. ಸತ್ತದ್ದು ಕೆಲಸ ಮಾಡುವುದು ಹೇಗೆ? ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾದಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಅಣುಗಳ ಸಾಲು ಮೇಲಕ್ಕೆ ಎಳೆಯಲ್ಪಡುತ್ತದೆ. ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮುಂದಿಟ್ಟ ಈ ವಿವರಣೆಯೇ ಇಂದಿಗೂ ನಿಂತಿದೆ. ಬೇರಿನ ಒತ್ತಡ ಇಲ್ಲವೆಂದಲ್ಲ, ಮುಂಜಾನೆ ಕೆಲವು ಎಲೆಗಳ ಅಂಚಿನಲ್ಲಿ ಹನಿ ಕಟ್ಟುವುದು ಅದರಿಂದಲೇ. ಆದರೆ ನೂರು ಮೀಟರ್ ಮೀರಿ ಬೆಳೆಯುವ ಮರದ ತುದಿಗೆ ನೀರು ಮುಟ್ಟಿಸುವ ಕಸುವು ಅದಕ್ಕಿಲ್ಲ.

ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಸಾಗಿಸುವ ಫ್ಲೋಯಂ ತೋರಿಸುವುದು ತಾಳ್ಮೆಯ ಕೆಲಸ. ಕೊಂಬೆಯ ಸುತ್ತ ತೊಗಟೆಯ ಪಟ್ಟಿಯೊಂದನ್ನು ತೆಗೆದರೆ, ವಾರಗಳ ನಂತರ ಗಾಯದ ಮೇಲಂಚು ಉಬ್ಬುತ್ತದೆ: ಎಲೆಯಿಂದ ಇಳಿಯುತ್ತಿದ್ದ ಸಕ್ಕರೆ ಅಲ್ಲಿ ತಡೆದು ನಿಂತಿದೆ. ಫ್ಲೋಯಂ ಜೀವಂತ ಅಂಗಾಂಶ. ಸಕ್ಕರೆ ತುಂಬಿದ ಕಡೆಗೆ ನೀರು ಸೇರಿ ಒತ್ತಡ ಏರುತ್ತದೆ, ಆ ಒತ್ತಡ ರಸವನ್ನು ತಳ್ಳುತ್ತದೆ. ಅಂದರೆ ಗಿಡವೂ ತಳ್ಳುತ್ತದೆ, ಹೃದಯವಿಲ್ಲದೆಯೇ! ನನ್ನ ಶೀರ್ಷಿಕೆಯನ್ನು ಇದು ಅರ್ಧ ಸುಳ್ಳು ಮಾಡುತ್ತದೆ, ಮಾಡಲಿ.

ರಕ್ತದ ಸರದಿ ಬಂದಾಗ ಉಪಕರಣವೇ ಬೇಡ. ಕೈಯನ್ನು ಇಳಿಬಿಟ್ಟರೆ ಹಿಂಗೈಯಲ್ಲಿ ಅಭಿಧಮನಿಗಳು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳು, ಉಬ್ಬುತ್ತವೆ. ಅಂಥ ಒಂದು ನಾಳವನ್ನು ಬೆರಳುಗಳತ್ತ ಇರುವ ತುದಿಯಲ್ಲಿ ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮಣಿಕಟ್ಟಿನತ್ತ ರಕ್ತವನ್ನು ಸವರಿ, ಆ ಬೆರಳನ್ನು ಎತ್ತಬೇಕು. ನಡುವೆ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ ಇದ್ದರೆ ಖಾಲಿಯಾದ ಭಾಗ ಖಾಲಿಯಾಗಿಯೇ ಉಳಿಯುತ್ತದೆ. ಮೊದಲ ಬೆರಳನ್ನು ಬಿಟ್ಟೊಡನೆ ತುಂಬುತ್ತದೆ. ಎಲ್ಲರ ಕೈಯಲ್ಲೂ ಇದು ಸ್ಪಷ್ಟವಾಗಿ ಕಾಣುವುದಿಲ್ಲ, ಅಭಿಧಮನಿ ಎದ್ದು ಕಾಣುವವರನ್ನು ಮುಂದಕ್ಕೆ ಕರೆಯುತ್ತೇನೆ.

ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ವಾದದಲ್ಲಿ ಇಂಥದೇ ಪ್ರಯೋಗವಿದೆ, ಜೊತೆಗೊಂದು ಲೆಕ್ಕವೂ ಇದೆ. ಇಂದಿನ ಅಂಕಿಗಳಲ್ಲಿ ಆ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸುತ್ತೇನೆ: ವಿಶ್ರಾಂತಿಯಲ್ಲಿ ಒಂದು ಮಿಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 70 ಮಿಡಿತ. ಐದು ಲೀಟರಿನ ಹತ್ತಿರ ಬರುತ್ತದೆ, ವಯಸ್ಕರ ದೇಹದಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ. ನಿಮಿಷ ನಿಮಿಷಕ್ಕೂ ಇಷ್ಟು ರಕ್ತ ಹೊಸದಾಗಿ ಹುಟ್ಟಲಾರದು, ಅದೇ ರಕ್ತ ಸುತ್ತುತ್ತಿದೆ ಎಂಬುದನ್ನು ನಾನು ಬಾಯಿಬಿಡುವ ಮೊದಲೇ ಯಾರಾದರೂ ಹೇಳುತ್ತಾರೆ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ಕೂದಲಿನಂಥ ಸಣ್ಣ ಲೋಮನಾಳಗಳನ್ನು ಹಾರ್ವೆ ಕಂಡಿರಲಿಲ್ಲ. ಅವನ್ನು ಇಟಲಿಯ ವಿಜ್ಞಾನಿ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ನೋಡಿ 1661ರಲ್ಲಿ ವರ್ಣಿಸಿದ, ಹಾರ್ವೆ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ.

ಪರೀಕ್ಷೆಗೆ ನಾನು ಚಿತ್ರ ಬರೆಯಲು ಕೊಡುವುದಿಲ್ಲ. ಜಿರಳೆಗೂ ಹೃದಯವಿದೆ, ಆದರೂ ಅದರ ರಕ್ತ ಕೆಂಪಗಿಲ್ಲ, ಆಮ್ಲಜನಕವನ್ನು ಹೊರುವ ಹೊಣೆಯೂ ಅದರದ್ದಲ್ಲ. ಹಾಗಾದರೆ ಆಮ್ಲಜನಕ ಕೋಶಗಳನ್ನು ಮುಟ್ಟುವುದು ಹೇಗೆ ಎಂದು ಕೇಳುತ್ತೇನೆ. ದೇಹದ ಬದಿಯ ರಂಧ್ರಗಳಿಂದ ಒಳಗೆ ಕವಲೊಡೆದಿರುವ ಗಾಳಿಕೊಳವೆಗಳವರೆಗೆ ತಾವೇ ಊಹಿಸಿ ಬಂದವರಿಗೆ ಪೂರ್ತಿ ಅಂಕ ಕೊಡುತ್ತೇನೆ, ಹೆಸರುಗಳು ತಪ್ಪಿದ್ದರೂ ಸರಿಯೇ.