ಬಾಸೆಲ್‌ನ ಸಂಬಳ, ಜರ್ಮನಿಯ ತೆರಿಗೆ: ನಾನು ಲೆಕ್ಕ ಇಟ್ಟ ರೀತಿ

ಬೆಳಗಾವಿಯಿಂದ ಮಹಾರಾಷ್ಟ್ರದ ಶಿನೋಳಿಯ ಕಾರ್ಖಾನೆಗಳಿಗೆ ದಿನಾ ಹೋಗಿ ಬರುವವರು ಎಷ್ಟೋ ಮಂದಿ. ರಾಜ್ಯದ ಗಡಿ ದಾಟಿದರೂ ಅವರ ಆದಾಯ ತೆರಿಗೆ ಒಂದೇ ದೇಶಕ್ಕೆ. ನನ್ನದು ಹಾಗಿರಲಿಲ್ಲ. ಮನೆ ಜರ್ಮನಿಯ ಲೋರಾಖ್‌ನಲ್ಲಿ, ಕೆಲಸ ಸ್ವಿಟ್ಜರ್‌ಲೆಂಡ್‌ನ ಬಾಸೆಲ್‌ನಲ್ಲಿ. ಎಸ್‌6 ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯದ ದಾರಿ, ಆದರೆ ತೆರಿಗೆಗೆ ಎರಡು ದೇಶ. ಈಗ ಊರಿಗೆ ಬಂದು ಬೆಳಗಾವಿಯ ಟಿಳಕವಾಡಿಯಲ್ಲಿದ್ದೇನೆ. ಆ ಕಡೆ ಕೆಲಸ ಹುಡುಕುವ ನಮ್ಮ ಹುಡುಗರು ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ: “ಅಣ್ಣಾ, ಅಲ್ಲಿ ಬರೇ ನಾಲ್ಕೂವರೆ ಪರ್ಸೆಂಟ್ ಟ್ಯಾಕ್ಸ್ ಅಂತ, ಖರೇನ?”

ಅರ್ಧ ಖರೆ. ಸ್ವಿಸ್ ಕಂಪನಿ ಸಂಬಳದಲ್ಲಿ ತೆರಿಗೆ ಅಂತ ಹಿಡಿಯುವುದು ಹೆಚ್ಚೆಂದರೆ 4.5 ಪರ್ಸೆಂಟ್. ಎರಡೂ ದೇಶಗಳ ತೆರಿಗೆ ಒಪ್ಪಂದದ 15ಎ ವಿಧಿಯಲ್ಲಿ ಹಾಗೆ ಇದೆ. ಆದರೆ ದಿನಾ ಸಂಜೆ ನೀವು ಯಾವ ದೇಶಕ್ಕೆ ಮರಳುತ್ತೀರೋ ಆ ದೇಶ ಪೂರ್ತಿ ಸಂಬಳದ ಮೇಲೆ ತನ್ನ ದರದಲ್ಲೇ ತೆರಿಗೆ ಹಾಕುತ್ತದೆ ಅಂತಲೂ ಅದೇ ವಿಧಿ ಹೇಳುತ್ತದೆ. ಬಾಸೆಲ್‌ನಲ್ಲಿ ಕಟ್ಟಿದ್ದನ್ನು ಜರ್ಮನಿ ತನ್ನ ತೆರಿಗೆಯಲ್ಲಿ ಕಳೆಯುತ್ತದೆ, ಅಷ್ಟೇ. 80,000 ಫ್ರಾಂಕ್ ಸಂಬಳ ಅಂದುಕೊಳ್ಳಿ. ಬಾಸೆಲ್‌ನಲ್ಲಿ ಹೋಗುವುದು 3,600 ಫ್ರಾಂಕ್. ಜರ್ಮನಿಯದು ಅದರ ಹಲವು ಪಟ್ಟು.

ಅದಕ್ಕೇ ಹೇಳುತ್ತೇನೆ, ತಿಂಗಳಿಗೆ ಕೈಗೆ ಬಂದದ್ದೆಲ್ಲ ನಿಮ್ಮದಲ್ಲ. ನಾನು ಒಬ್ಬನೇ ಇದ್ದೆ, ಮಡದಿ ಮಕ್ಕಳ ರಿಯಾಯಿತಿ ಇರಲಿಲ್ಲ. ಸಂಬಳ ಜಮಾ ಆದ ದಿನವೇ ಸುಮಾರು ಮೂರರಲ್ಲಿ ಒಂದು ಪಾಲು ಬೇರೆ ಖಾತೆಗೆ ಹಾಕುತ್ತಿದ್ದೆ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ 10ಕ್ಕೆ ಜರ್ಮನಿಯಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ಮುಂಗಡ ಎಷ್ಟು ಅಂತ ತೆರಿಗೆ ಕಚೇರಿ ಬರೆದು ತಿಳಿಸುತ್ತದೆ. ಮೊದಲ ವರ್ಷ ಆ ಪತ್ರ ತಡವಾದರೆ ಬಾಕಿಯೆಲ್ಲ ಒಟ್ಟಿಗೇ ಬರುತ್ತದೆ. ಬೇರೆ ಖಾತೆ ಇದ್ದದ್ದರಿಂದ ನನಗೆ ನಿದ್ದೆ ಕೆಡಲಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಮಾತು. ಗಡಿ ದಾಟಿ ದುಡಿಯಲು ಸ್ವಿಸ್‌ನವರು ಕೊಡುವ ಜಿ ಪರ್ಮಿಟ್ ನಮಗೆ ಸುಮ್ನೆ ಸಿಗುವುದಿಲ್ಲ. ಜರ್ಮನಿಯಲ್ಲಿ ಕಾಯಂ ವಾಸದ ಹಕ್ಕು ಬೇಕು, ಗಡಿ ಭಾಗದಲ್ಲಿ ಆರು ತಿಂಗಳಾದರೂ ಇದ್ದಿರಬೇಕು. ನಾನು ಕೆಲಸ ಹುಡುಕಲು ಶುರು ಮಾಡಿದ್ದೇ ಆ ಹಕ್ಕು ಸಿಕ್ಕ ಮೇಲೆ.

ಆ 4.5 ಕೂಡ ತಾನಾಗೇ ಬರುವುದಿಲ್ಲ. ಗ್ರೆ-1 ಅಂತ ಒಂದು ಫಾರ್ಮ್ ಇದೆ. ನೀವು ಜರ್ಮನಿಯ ನಿವಾಸಿ ಅಂತ ಅಲ್ಲಿಯ ತೆರಿಗೆ ಕಚೇರಿ ಅದರಲ್ಲಿ ಬರೆದುಕೊಡುತ್ತದೆ. ಅದು ಕಂಪನಿಯ ಕೈಗೆ ಹೋಗುವವರೆಗೆ ಸ್ವಿಸ್‌ನ ಪೂರ್ತಿ ದರದಲ್ಲೇ ಹಿಡಿಯುತ್ತಾರೆ. ಹಾಗಾಗಿ ಕೆಲಸಕ್ಕೆ ಸೇರುವ ಮೊದಲೇ ಅರ್ಜಿ ಹಾಕಿದೆ. ಕೆಲಸದ ಕಾರಣಕ್ಕೆ ಮನೆಗೆ ಮರಳದ ದಿನಗಳು ವರ್ಷದಲ್ಲಿ 60 ದಾಟಿದರೆ ಈ ಸವಲತ್ತೇ ಹೋಗುತ್ತದೆ. ಆಫೀಸಿನ ಕೆಲಸಕ್ಕೆ ಹೊರಗೆ ಉಳಿದ ರಾತ್ರಿಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಹೋಟೆಲ್ ಬಿಲ್ ಜೊತೆಗಿಟ್ಟೆ.

ವರ್ಷ ಮುಗಿದ ಮೇಲೆ ಕಂಪನಿ ಒಂದು ಸಂಬಳ ಪತ್ರ ಕೊಡುತ್ತದೆ, ನಮ್ಮ ಫಾರ್ಮ್ 16 ಇದ್ದ ಹಾಗೆ. ಅದನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಸಾಲು ನೋಡಬೇಕು. 8ನೇ ಸಾಲು ಒಟ್ಟು ಸಂಬಳ. 9 ಸಾಮಾಜಿಕ ವಿಮೆಯ ಕಡಿತ, 10 ಪಿಂಚಣಿ ನಿಧಿಯದು. 11 ನಿವ್ವಳ, 12 ಮೂಲದಲ್ಲೇ ಹಿಡಿದ ತೆರಿಗೆ. ಜರ್ಮನಿಯ ರಿಟರ್ನ್ ಶುರುವಾಗುವುದು 8ನೇ ಸಾಲಿನಿಂದ, 11ರಿಂದ ಅಲ್ಲ. ಗಡಿ ದಾಟಿ ದುಡಿಯುವವರಿಗೆಂದೇ ಎನ್-ಗ್ರೆ ಎಂಬ ಅನುಬಂಧ ಇದೆ. ಫ್ರಾಂಕನ್ನು ಯೂರೋ ಮಾಡಲು ದಿನದಿನದ ದರ ಹುಡುಕಬೇಕಾಗಿಲ್ಲ. ಇವರಿಗಾಗಿ ವರ್ಷಕ್ಕೊಂದು ಸರಾಸರಿ ದರವನ್ನು ತೆರಿಗೆ ಇಲಾಖೆಯೇ ಪ್ರಕಟಿಸುತ್ತದೆ.

ಜಾಸ್ತಿ ಹೊತ್ತು ಹಿಡಿಸಿದ್ದು ಪಿಂಚಣಿ ನಿಧಿ. ಸ್ವಿಸ್ ಕಾನೂನು ಕಡ್ಡಾಯ ಮಾಡಿದಷ್ಟು ಒಂದು ಭಾಗ, ಕಂಪನಿ ಅದರ ಮೇಲೆ ಕೊಡುವುದು ಇನ್ನೊಂದು. ಜರ್ಮನಿ ಇವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಆ ಮೇಲಿನ ಭಾಗಕ್ಕೆ ಕಂಪನಿ ಹಾಕಿದ ಹಣ ಸಂಬಳಕ್ಕೆ ಸೇರಿ ತೆರಿಗೆಗೆ ಒಳಪಡಬಹುದು. ಸಂಬಳ ಪತ್ರ ನೋಡಿದರೆ ಈ ಪಾಲು ಗೊತ್ತಾಗುವುದಿಲ್ಲ. ಪಿಂಚಣಿ ನಿಧಿಗೇ ಬರೆದು, ಎರಡೂ ಭಾಗ ಬಿಡಿಸಿ ತೋರಿಸುವ ಪತ್ರ ತರಿಸಿಕೊಂಡೆ. ಇದನ್ನು ಜನವರಿಯಲ್ಲೇ ಕೇಳಿ.

ಇನ್ನು ನಮ್ಮ ದೇಶದ ಕಡೆ. ಅಲ್ಲಿದ್ದಷ್ಟು ವರ್ಷ ನಾನು ಭಾರತದ ತೆರಿಗೆ ಲೆಕ್ಕದಲ್ಲಿ ಅನಿವಾಸಿ. ಬಾಸೆಲ್‌ನ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳಲಿಲ್ಲ. ಆದರೆ ಸಂಬಳ ಮೊದಲು ಅಲ್ಲಿಯ ಖಾತೆಗೇ ಬರಬೇಕು, ಆಮೇಲೆ ಊರಿಗೆ ಕಳಿಸಬೇಕು. ಕಂಪನಿಯಿಂದ ನೇರವಾಗಿ ಬೆಳಗಾವಿಯ ಖಾತೆಗೆ ಹಾಕಿಸಿಕೊಂಡರೆ ಭಾರತದಲ್ಲೇ ಕೈಗೆ ಬಂದ ಆದಾಯವಾಗುತ್ತದೆ.

ವಾಪಸ್ ಬಂದ ಮೇಲೆ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ದಿನ ಎಣಿಸಿದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಇಲ್ಲಿದ್ದದ್ದು 729 ದಿನ ಮೀರದಿದ್ದರೆ, ಸಾಮಾನ್ಯ ನಿವಾಸಿ ಅಂತ ಲೆಕ್ಕಕ್ಕೆ ಬರುವುದಿಲ್ಲ. ಆಗ ವಿದೇಶದಲ್ಲಿ ದುಡಿದು ವಿದೇಶದಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ.

ಆ ಅವಧಿ ಮುಗಿದ ಮೇಲೆ ಇಲ್ಲಿಯ ರಿಟರ್ನ್‌ನಲ್ಲಿ ವಿದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ತುಂಬಬೇಕು. ಬಾಸೆಲ್‌ನಲ್ಲಿ ಉಳಿದ ಖಾತೆಯನ್ನು, ಅದರಲ್ಲಿ ಇರುವುದು ಚಿಲ್ಲರೆ ಹಣವಾದರೂ, ಅಲ್ಲಿ ತೋರಿಸಬೇಕು. ವಿದೇಶದಲ್ಲಿ ಇಂಥದ್ದೆಲ್ಲ ಸೇರಿ 20 ಲಕ್ಷ ರೂಪಾಯಿ ಮೀರಿದ್ದು, ಅದನ್ನು ಮುಚ್ಚಿಟ್ಟರೆ 10 ಲಕ್ಷ ರೂಪಾಯಿ ದಂಡಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಈ ಶೆಡ್ಯೂಲ್ ನಡೆಯುವುದು ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್. ವರ್ಷದಲ್ಲಿ ಖಾತೆಯಲ್ಲಿದ್ದ ಅತಿ ಹೆಚ್ಚಿನ ಮೊತ್ತವನ್ನೂ, ಡಿಸೆಂಬರ್ 31ರಂದು ಉಳಿದದ್ದನ್ನೂ ಕೇಳುತ್ತದೆ. ಹಾಗಾಗಿ ಅಲ್ಲಿಯ ಫೋನ್ ನಂಬರ್ ಬಿಡುವ ಮೊದಲು ಬ್ಯಾಂಕಿನ ಲಾಗಿನ್ ಅನ್ನು ಇಲ್ಲಿಯ ನಂಬರಿಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಈ ಎರಡು ಅಂಕಿಗಳಿಗಾಗಿ ಬಾಸೆಲ್‌ಗೆ ಕಾಗದ ಬರೆಯುತ್ತ ಕೂರಬೇಕಾಗುತ್ತದೆ.