ರಸ್ತೆ ದಾಟುವವರ ಪರವಾಗಿ ಅರ್ಜಿ ಬರೆಯುವ ಮೊದಲು

ಹಾಸನದ ಸಾಲಗಾಮೆ ರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಯಂತ್ರದ ಮುಂದೆ ಕುಳಿತರೆ ಎದುರಿಗೆ ರಸ್ತೆಯೇ. ಹಳ್ಳಿಗಳಿಂದ ಬಸ್ಸಿನಲ್ಲಿ ಬಂದಿಳಿಯುವ ವಿದ್ಯಾರ್ಥಿಗಳು, ಮಕ್ಕಳ ಕೈ ಹಿಡಿದ ತಾಯಂದಿರು, ಕೋಲೂರಿಕೊಂಡು ಬರುವ ಅಜ್ಜಂದಿರು ವಾಹನಗಳ ಸಾಲು ಎಲ್ಲಿ ತುಂಡಾಗುತ್ತದೆಯೋ ಎಂದು ಕಾಯುತ್ತ ನಿಲ್ಲುತ್ತಾರೆ. ನಮ್ಮ ಬಡಾವಣೆಯ ಹೆಂಗಸರು ಸೇರಿಕೊಂಡು ಇದಕ್ಕಾಗಿ ಕಚೇರಿಗಳಿಗೆ ಓಡಾಡುತ್ತಿದ್ದೇವೆ. ಬೇರೆ ಬಡಾವಣೆಯವರು ಎಲ್ಲಿಂದ ಶುರು ಮಾಡಬೇಕೆಂದು ಕೇಳುವುದರಿಂದ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲು ನಿಂತು ನೋಡಿ. ಶಾಲೆ ಕಾಲೇಜು ಶುರುವಾಗುವ ಹೊತ್ತು, ಬಿಡುವ ಹೊತ್ತು, ಕತ್ತಲಾದ ಮೇಲಿನ ಒಂದು ಗಂಟೆ, ಈ ಮೂರೂ ವೇಳೆ ಬೇಕು. ಒಂದು ಹಾಳೆಯಲ್ಲಿ ರಸ್ತೆಯ ನಕ್ಷೆ ಬರೆದು, ಜನ ದಾಟುವ ಜಾಗದಲ್ಲೆಲ್ಲ ಚುಕ್ಕೆ ಇಡುತ್ತ ಹೋಗಿ. ಚುಕ್ಕೆಗಳು ಎರಡು ಮೂರು ಕಡೆ ಗುಂಪಾಗುತ್ತವೆ. ಬಸ್ ನಿಲ್ಲುವ ಜಾಗದ ನೇರ ಎದುರು ಒಂದು ಗುಂಪು ಇದ್ದೇ ಇರುತ್ತದೆ. ಜೀಬ್ರಾ ಪಟ್ಟೆ ಅಲ್ಲಿಂದ ನೂರು ಹೆಜ್ಜೆ ಆಚೆಗಿದ್ದರೆ ಜನ ಅಲ್ಲಿಗೆ ಹೋಗುವುದಿಲ್ಲ. ಶಿಸ್ತಿಲ್ಲ ಎಂದು ಅವರನ್ನು ಬೈಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಟ್ಟೆಯನ್ನು ಮೈಯ ಅಳತೆಗೆ ಕತ್ತರಿಸುತ್ತೇವೆ. ಪಟ್ಟೆಯನ್ನೂ ಜನರ ನಡಿಗೆಯ ಅಳತೆಗೇ ಹಾಕಬೇಕು.

ಆಮೇಲೆ ಟೇಪು ಹಿಡಿಯಿರಿ. ಅಳತೆಯಿಲ್ಲದ ಅರ್ಜಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆ, ಅಳತೆಯಿದ್ದರೆ ಎಂಜಿನಿಯರ್ ಸ್ಥಳಕ್ಕೆ ಬರಬೇಕಾಗುತ್ತದೆ. ರಸ್ತೆಯ ಅಗಲ 10 ಮೀಟರ್ ಎಂದಿಟ್ಟುಕೊಳ್ಳಿ. ಸಿಗ್ನಲ್‌ಗಳ ಲೆಕ್ಕದಲ್ಲಿ ನಡಿಗೆಯ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಹಾಗಾದರೆ ದಾಟಲು ಎಂಟು ಸೆಕೆಂಡಿಗೂ ಹೆಚ್ಚು ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ ಸುಮಾರು 115 ಮೀಟರ್ ಬಂದಿರುತ್ತದೆ. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಯಾದರೆ ಹತ್ತಿರ ಹತ್ತಿರ 175 ಮೀಟರ್. ಅಂದರೆ ದಾಟುವ ಜಾಗದಲ್ಲಿ ನಿಂತಾಗ ಅಷ್ಟು ದೂರದವರೆಗೆ ರಸ್ತೆ ಕಾಣಬೇಕು. ಕಾಣುತ್ತದೆಯೇ? ನಿಲ್ಲಿಸಿದ ಕಾರು, ಫ್ಲೆಕ್ಸ್, ಟ್ರಾನ್ಸ್‌ಫಾರ್ಮರ್ ಕಂಬ ಯಾವುದು ಅಡ್ಡ ಬರುತ್ತದೆ? ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ ಫೋಟೊ ತೆಗೆಯಿರಿ. ನಾವು ನಿಂತು ತೆಗೆದ ಫೋಟೊದಲ್ಲಿ ಕಾಣುವ ಬೈಕು, ಬಗ್ಗಿ ತೆಗೆದ ಫೋಟೊದಲ್ಲಿ ಕಾರಿನ ಹಿಂದೆ ಅಡಗಿಬಿಡುತ್ತದೆ.

ಈಗ ಏನು ಕೇಳಬೇಕು? ಎಲ್ಲರ ಬಾಯಲ್ಲೂ ಬರುವುದು ರಸ್ತೆ ಉಬ್ಬು. ಅದನ್ನು ಕೇಳಿ, ಆದರೆ ಅಳತೆ ಹೇಳಿ ಕೇಳಿ. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ ದುಂಡನೆಯ ಉಬ್ಬಿನ ಅಗಲ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್, ಎತ್ತರ 10 ಸೆಂಟಿಮೀಟರ್, 40 ಮೀಟರ್ ಮುಂಚೆ ಎಚ್ಚರಿಕೆಯ ಫಲಕ. ನಮ್ಮೂರಿನಲ್ಲಿ ರಾತ್ರೋರಾತ್ರಿ ಏಳುವ ಒಂದಡಿ ಅಗಲದ ದಿಣ್ಣೆ ಸ್ಕೂಟರಿನಲ್ಲಿ ಹಿಂದೆ ಕುಳಿತವರನ್ನು ಬೀಳಿಸುತ್ತದೆ, ಆಂಬುಲೆನ್ಸಿನಲ್ಲಿರುವವರನ್ನು ನರಳಿಸುತ್ತದೆ. ಅದಕ್ಕಿಂತ ಒಳ್ಳೆಯದು ಎತ್ತರಿಸಿದ ಜೀಬ್ರಾ. ಪಾದಚಾರಿ ಮಾರ್ಗದ ಮಟ್ಟಕ್ಕೇ ರಸ್ತೆ ಎದ್ದಿರುವುದರಿಂದ ವಾಹನ ನಿಧಾನವಾಗಲೇಬೇಕು, ನಡೆಯುವವರು ಹಳ್ಳಕ್ಕೆ ಇಳಿದು ಹತ್ತಬೇಕಿಲ್ಲ, ಗಾಲಿಕುರ್ಚಿಯೂ ಸಾಗುತ್ತದೆ.

ರಸ್ತೆ ಅಗಲವಾಗಿದ್ದರೆ ನಡುವೆ ನಿಲ್ಲಲು ಒಂದು ಕಟ್ಟೆ ಕೇಳಿ. ಕನಿಷ್ಠ 1.2 ಮೀಟರ್ ಅಗಲವಿರಲಿ. ಆಗ ಒಮ್ಮೆಗೆ ಒಂದೇ ದಿಕ್ಕಿನ ವಾಹನಗಳನ್ನು ನೋಡಿದರೆ ಸಾಕು, ಮೇಲೆ ಹೇಳಿದ ದೂರ ಅರ್ಧಕ್ಕೆ ಇಳಿಯುತ್ತದೆ. ಜೀಬ್ರಾದ ಅಂಚಿನಲ್ಲಿ ವಾಹನ ನಿಲ್ಲಿಸದಂತೆ ತಡೆಗಂಬ ನೆಡಿಸಿ. ಬೀದಿದೀಪ ಜೀಬ್ರಾದ ಮೇಲೇ ಬೀಳಬೇಕು. ಮುಂಗಾರಿನ ಸಂಜೆ ಕಪ್ಪು ಕೊಡೆ ಹಿಡಿದು ದಾಟುವವರು ಚಾಲಕರಿಗೆ ಕಾಣುವುದೇ ಇಲ್ಲ.

ಪಾದಚಾರಿ ಮಾರ್ಗದ ವಿಷಯ ಬಂದರೆ ಕೂಡಲೇ ತರಕಾರಿಯವಳನ್ನು ಎಬ್ಬಿಸಿ ಎನ್ನುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ, ಸಂಜೆ ಆಕೆಯ ಬುಟ್ಟಿಯ ಪಕ್ಕದ ದೀಪವೂ ಜನರಿಗೆ ಆಸರೆ. ಕಲ್ಲು ಚಪ್ಪಡಿಯ ಮೇಲೆ ಹತ್ತಿ ನಿಂತ ಬೈಕುಗಳನ್ನು ಮೊದಲು ಇಳಿಸಿ. ನಡೆಯಲು 1.8 ಮೀಟರ್ ತೆರವಾದರೆ ಇಬ್ಬರು ಎದುರುಬದುರು ಹೋಗಬಹುದು.

ಅರ್ಜಿ ಯಾರಿಗೆ? ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಯವು, ಬಡಾವಣೆಯ ಒಳರಸ್ತೆಗಳು ನಗರಾಡಳಿತದವು. ಕಂಬ, ಟ್ರಾನ್ಸ್‌ಫಾರ್ಮರ್ ಸರಿಸಲು ನಮ್ಮ ಕಡೆಯ ವಿದ್ಯುತ್ ಕಂಪನಿಯಾದ ಸೆಸ್ಕ್‌ಗೆ ಬೇರೆಯೇ ಬರೆಯಬೇಕು. ಯಾರ ರಸ್ತೆಯಾದರೂ ಒಂದು ಪ್ರತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಹೋಗಲಿ. ಪೊಲೀಸರೂ ಎಂಜಿನಿಯರರೂ ಒಂದೇ ಮೇಜಿಗೆ ಬರುವ ಜಾಗ ಅದು. ಪಾದಚಾರಿ ಮಾರ್ಗದ ಹಕ್ಕು, ಜೀವಿಸುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಇದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಒಂದು ಅರ್ಜಿ, ಒಂದು ಜಾಗ, ಎರಡು ಬೇಡಿಕೆ ಸಾಕು. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.

ಹಾಸನದಲ್ಲಿ ನನಗೆ ಸರಿಯೆನಿಸುವ ಕಾಲ, ಮಳೆ ಹಿಂದೆಗೆದು ಹಾಸನಾಂಬೆಯ ಬಾಗಿಲು ತೆರೆಯುವ ಮೊದಲು. ಜನಸಂದಣಿಯ ಸಿದ್ಧತೆಗೆ ಅಧಿಕಾರಿಗಳು ರಸ್ತೆಗಿಳಿಯುತ್ತಾರೆ, ಒಣಗಿದ ಡಾಂಬರಿನ ಮೇಲೆ ಬಣ್ಣವೂ ಹಿಡಿಯುತ್ತದೆ.

ಕೆಲಸ ಆಗುವವರೆಗೆ ಮನೆಯವರಿಗೆ ಇಷ್ಟು ಹೇಳಿ: ಪಾದಚಾರಿ ಮಾರ್ಗವಿಲ್ಲದ ಕಡೆ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಲಿ. ಬಸ್ಸಿನಿಂದ ಇಳಿದವರು ಅದರ ಮುಂದಿನಿಂದ ದಾಟದೆ, ಬಸ್ ಹೊರಟ ಮೇಲೆ ದಾಟಲಿ. ಮಕ್ಕಳ ಚೀಲಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಹೊಲಿಯಿರಿ. ನನ್ನ ಅಂಗಡಿಗೆ ತಂದರೆ ಹಣವಿಲ್ಲದೆ ಹೊಲಿದುಕೊಡುತ್ತೇನೆ.

ಉಬ್ಬು ಅಥವಾ ಜೀಬ್ರಾ ಹಾಕುವ ದಿನ ಇಬ್ಬರಾದರೂ ಅಲ್ಲಿರಿ. ಡಾಂಬರು ಬಿಸಿಯಿರುವಾಗಲೇ ಅಗಲ, ಎತ್ತರ ಅಳೆಯಿರಿ. ವ್ಯತ್ಯಾಸವಿದ್ದರೆ ಅಂದೇ ಕಾರ್ಯಪಾಲಕ ಎಂಜಿನಿಯರ್‌ಗೆ ಫೋಟೊ ಸಮೇತ ಬರೆದುಕೊಡಿ, ಗುತ್ತಿಗೆದಾರರ ಬಿಲ್ ಪಾವತಿಯಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.