ಮನಸ್ಸು ಮಂಕಾಗಿದೆಯಾ? ಮೊದಲು ಕರುಳಿಗೆ ಊಟ ಹಾಕಿ

ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ, ಸಣ್ಣದಕ್ಕೂ ಸಿಡುಕು, ಹೊಟ್ಟೆಯೂ ಸರಿಯಿಲ್ಲ. ಇವೆಲ್ಲ ಬೇರೆ ಬೇರೆ ತೊಂದರೆ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ.

ಕರುಳಿಗೂ ಮೆದುಳಿಗೂ ನಡುವೆ ವೇಗಸ್ ಅನ್ನೋ ನರ ಇದೆ. ಅದರಲ್ಲಿ ಸುದ್ದಿ ಜಾಸ್ತಿ ಓಡುವುದು ಕೆಳಗಿನಿಂದ ಮೇಲಕ್ಕೆ. ಮನಸ್ಸಿನ ಸ್ಥಿತಿಗೂ ನಂಟಿರುವ ಸೆರೊಟೋನಿನ್ ಅನ್ನೋ ರಾಸಾಯನಿಕದಲ್ಲಿ ಸುಮಾರು ಶೇ. 90ರಷ್ಟು ತಯಾರಾಗುವುದು ಕರುಳಿನಲ್ಲೇ. ಅದು ನೇರ ಮೆದುಳಿಗೆ ಹೋಗುವುದಿಲ್ಲ, ಆದರೆ ಈ ನರದ ಮೂಲಕ ಸುದ್ದಿ ಮುಟ್ಟಿಸುತ್ತದೆ. ಇನ್ನು ನಾವು ತಿಂದ ನಾರನ್ನು ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್‌ನಂಥ ಆಮ್ಲವಾಗಿ ಮಾಡುತ್ತವೆ, ಕರುಳಿನ ಒಳಗೋಡೆಗೆ ಅದೇ ಊಟ. ಬರೀ ಬಿಳಿ ಅನ್ನ, ಬ್ರೆಡ್, ಬಿಸ್ಕತ್ತು ತಿಂದರೆ ಆ ಬ್ಯಾಕ್ಟೀರಿಯಾಗಳಿಗೆ ಏನು ಸಿಗಬೇಕು ಹೇಳಿ?

ಹಾಗಾಗಿ ದುಬಾರಿ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಮಾತ್ರೆಗೆ ಮೊದಲು ರಾಗಿ ಅಂಬಲಿ ಮಾಡಿ ನೋಡಿ. ಮೂರು ದೊಡ್ಡ ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿಕೊಳ್ಳಿ. ಎರಡು ಲೋಟ ನೀರು ಕುದಿಯುವಾಗ ಸುರಿದು, ಹಸಿ ವಾಸನೆ ಹೋಗಿ ಮೇಲೆ ಹೊಳಪು ಬರುವವರೆಗೆ ಕೈಬಿಡದೆ ತಿರುವುತ್ತಾ ಬೇಯಿಸಿ. ಪೂರ್ತಿ ಆರಲಿ. ಪಾತ್ರೆ ಮುಟ್ಟಿದರೆ ತಣ್ಣಗಿರಬೇಕು, ಆಮೇಲೇ ಒಂದು ಲೋಟ ಮನೆ ಮಜ್ಜಿಗೆ ಬೆರೆಸಿ ಮುಚ್ಚಿಡಿ, ಯಾಕೆಂದರೆ ಬಿಸಿಗೆ ಹಾಕಿದರೆ ಮಜ್ಜಿಗೆಯ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತವೆ. ಬೆಳಗ್ಗೆ ಹಿತವಾದ ಹುಳಿ ವಾಸನೆ ಬಂದಿರುತ್ತದೆ. ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು ಹಾಕಿ ಕುಡಿಯಿರಿ. ಯಾವುದೇ ಬೂಷ್ಟು ಕಂಡರೂ ಚೆಲ್ಲಿಬಿಡಿ.

ಇಡ್ಲಿ, ದೋಸೆಯೂ ಹುಳಿ ಬಂದ ಹಿಟ್ಟಿನದೇ ಅಲ್ವಾ ಅಂತ ಕೇಳಬಹುದು. ಒಳ್ಳೆಯದೇ, ಆದರೆ ಬೆಂದ ಮೇಲೆ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಅದಕ್ಕೇ ಊಟದ ಕೊನೆಗೆ ಮೊಸರು, ಮಜ್ಜಿಗೆ ಬಿಡಬೇಡಿ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಕೆಲವರಿಗೆ 10 ವಾರ ಮೊಸರಿನಂಥ ಹುಳಿ ಬರಿಸಿದ ಆಹಾರ ಜಾಸ್ತಿ ಕೊಟ್ಟು ನೋಡಿದ್ದಾರೆ. ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಿದವು, ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು.

ನಾರಿಗೆ ಹುರುಳಿಕಾಳು, ಬಾಳೆದಿಂಡು, ಸೊಪ್ಪಿನ ಬಸ್ಸಾರು, ಸಿಪ್ಪೆ ಸಮೇತ ಸೀಬೆಹಣ್ಣು. ಒಂದೇ ದಿನ ಜಾಸ್ತಿ ತಿನ್ನಬೇಡಿ, ಹೊಟ್ಟೆ ಉಬ್ಬರಿಸಿ ಸುಮ್ನೆ ಬೇಸರವಾಗುತ್ತದೆ. ವಾರಕ್ಕೆ ಒಂದೊಂದು ಸೇರಿಸುತ್ತಾ ಹೋಗಿ, ನೀರು ಚೆನ್ನಾಗಿ ಕುಡಿಯಿರಿ. ಶೀತ, ನೆಗಡಿಗೆಲ್ಲ ನೀವಾಗೇ ಆಂಟಿಬಯಾಟಿಕ್ ನುಂಗಬೇಡಿ, ಅದು ವೈರಸ್‌ಗೆ ನಾಟುವುದಿಲ್ಲ, ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ.

ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಅಂಬಲಿ ನಂಬಿ ನಿಲ್ಲಿಸಬೇಡಿ. ಎರಡೂ ಜೊತೆಗೇ ಇರಲಿ, ಡಾಕ್ಟರಿಗೂ ಹೇಳಿ.